ರಸ್ತೆ ಓಟಕ್ಕೆ ಹೆಸರು ಕೊಡುವ ಮುನ್ನ



ಓಣಂ ಬಂತು, ಸ್ವಾತಂತ್ರ್ಯೋತ್ಸವ ಬಂತು, ಊರಿನ ಕ್ರೀಡಾ ಸಂಘಕ್ಕೆ 25 ವರ್ಷ ತುಂಬಿತು ಎಂದರೆ ನಮ್ಮ ಕಾಸರಗೋಡಿನ ಕಡೆಯಲ್ಲಿ ಹಗ್ಗಜಗ್ಗಾಟ, ಕಬಡ್ಡಿಗಳ ಜತೆಗೆ ಕೆಲವೆಡೆ ರಸ್ತೆ ಓಟವೂ ಇರುತ್ತದೆ. ಬಸ್ ನಿಲ್ದಾಣದ ಗೋಡೆಯಲ್ಲಿ, ಹಾಲಿನ ಸೊಸೈಟಿಯ ಬಾಗಿಲಲ್ಲಿ ಅದರ ಭಿತ್ತಿಪತ್ರ ಕಾಣಿಸಿಕೊಳ್ಳುತ್ತದೆ. ಈಗಂತೂ ಕೈಯಲ್ಲಿರುವ ಮೊಬೈಲಿಗೂ ಬಂದು ಬೀಳುತ್ತದೆ. 5 ಕಿಲೋಮೀಟರ್, 10 ಕಿಲೋಮೀಟರ್, ಪ್ರವೇಶ ಎಲ್ಲರಿಗೂ ಮುಕ್ತ ಎಂದು ಅದರಲ್ಲಿ ಬರೆದಿರುತ್ತದೆ. ಓದಿದವರಲ್ಲಿ ಹೆಚ್ಚಿನವರು ‘ಇದೆಲ್ಲ ಓಡುವವರಿಗೆ’ ಎಂದು ಮುಂದೆ ಸಾಗುತ್ತಾರೆ. ಕೆಲವರು ಮಾತ್ರ ಒಂದು ಕ್ಷಣ ನಿಂತು, ‘ನನ್ನಿಂದ ಆದೀತೇ?’ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಹಾಗೆ ಕೇಳಿಕೊಂಡವರಿಗಾಗಿ ಈ ನಾಲ್ಕು ಮಾತು.

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಆರೋಗ್ಯವಿರುವ ಹೆಚ್ಚಿನವರಿಂದ ಆಗುತ್ತದೆ. ಆದರೆ ಹೇಗೆಂದರೆ ಹಾಗೆ ಓಡಿದರೆ ಆಗುವುದಿಲ್ಲ. ನಮ್ಮ ಕರಾವಳಿಯ ಹವೆಯಲ್ಲಂತೂ ಆಗುವುದೇ ಇಲ್ಲ. ಏಕೆಂಬುದನ್ನು ತಿಳಿದುಕೊಂಡವನಿಗೆ ಓಟ ಸಂತೋಷ ಕೊಡುತ್ತದೆ. ತಿಳಿಯದವನಿಗೆ ಅದು ಆಸ್ಪತ್ರೆಯ ದಾರಿ ತೋರಿಸಲೂಬಹುದು.

ರಸ್ತೆ ಓಟಕ್ಕೆ ಒಂದು ದೊಡ್ಡ ಗುಣವಿದೆ. ಕ್ರಿಕೆಟ್ ಪ್ರಿಯರೆಲ್ಲರೂ ತೆಂಡೂಲ್ಕರರೊಂದಿಗೆ ಆಡಲಾರರು. ರಸ್ತೆ ಓಟದಲ್ಲಾದರೋ ಪದಕಕ್ಕಾಗಿ ಓಡುವವನೂ ಪಾಠ ಮುಗಿಸಿ ಬಂದ ಮೇಷ್ಟ್ರೂ ಒಂದೇ ರಸ್ತೆಯಲ್ಲಿ, ಒಂದೇ ಸೀಟಿಗೆ ಹೊರಡುತ್ತಾರೆ. 1896ರಲ್ಲಿ ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸಿನ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಊರಿನಲ್ಲಿ ನೀರು ಹೊತ್ತು ಮಾರುತ್ತಿದ್ದವನು. ನಮ್ಮ ರಾಜ್ಯದಲ್ಲಿಯೂ 2015ರ ಜನವರಿ 20ರಂದು, ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮುನ್ನುಡಿಯಾಗಿ ‘ರನ್ ಕೇರಳ ರನ್’ ಎಂಬ ಓಟ ಎಲ್ಲ ಜಿಲ್ಲೆಗಳಲ್ಲಿ ಏಕಕಾಲಕ್ಕೆ ನಡೆಯಿತು. ಶಾಲಾ ಮಕ್ಕಳು, ನೌಕರರು, ಗೃಹಿಣಿಯರು ಎಲ್ಲ ರಸ್ತೆಗಿಳಿದರು. ಅದು ಕೆಲವೇ ನೂರು ಮೀಟರಿನ ಸಂಭ್ರಮದ ಓಟ. ನಾವು ಮಾತಾಡುತ್ತಿರುವುದು ಅದಕ್ಕಿಂತ ಉದ್ದದ ಓಟವನ್ನು.

ಎಷ್ಟು ಉದ್ದ? ನಮ್ಮ ನೆಲದಲ್ಲೇ ಅಳೆದು ನೋಡೋಣ. ಕಾಸರಗೋಡಿನಿಂದ ಬೇಕಲ ಕೋಟೆಗೆ ಸುಮಾರು 16 ಕಿಲೋಮೀಟರ್. ಅಲ್ಲಿಂದ ಮತ್ತೆ 5 ಕಿಲೋಮೀಟರ್ ಓಡಿದರೆ ಅರ್ಧ ಮ್ಯಾರಥಾನ್ ಆಯಿತು. ರಾಷ್ಟ್ರೀಯ ಹೆದ್ದಾರಿಯನ್ನು ಆರು ಪಥಗಳಾಗಿ ಅಗಲಗೊಳಿಸುವ ಕೆಲಸದಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ ಭಾಗ 39 ಕಿಲೋಮೀಟರ್. ಗಡಿಯಿಂದ ಅಷ್ಟನ್ನೂ ಓಡಿ, ಮೇಲೆ ಮತ್ತೆ 3 ಕಿಲೋಮೀಟರಿಗಿಂತ ತುಸು ಹೆಚ್ಚು ಓಡಿದರೆ ಪೂರ್ಣ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್. ಹೆದರಬೇಡಿ. ಮೊದಲ ಬಾರಿ ಹೆಸರು ಕೊಡುವವರಿಗೆ 5 ಕಿಲೋಮೀಟರ್ ಧಾರಾಳವಾಯಿತು.

ಇನ್ನು ಓಡುವ ಕ್ರಮ. ನಮ್ಮ ಜಿಲ್ಲೆಯಲ್ಲಿ ಭಾಷೆಗಳು ಹಲವು. ಆದರೂ ಈ ವಿಷಯದಲ್ಲಿ ಬೇಕಾದ ಮಾತು ಹೆಚ್ಚುಕಡಿಮೆ ಒಂದೇ. ಕನ್ನಡದವರು ‘ಮೆಲ್ಲಗೆ’ ಎನ್ನುತ್ತಾರೆ, ತುಳುವರು ‘ಮೆಲ್ಲ’ ಎನ್ನುತ್ತಾರೆ, ಮಲಯಾಳಿಗಳು ‘ಮೆಲ್ಲೆ’ ಎನ್ನುತ್ತಾರೆ. ಮನೆಯಿಂದ ಹೊರಡುವ ಮಗುವಿಗೆ ಅಜ್ಜಿ ಹೇಳುವ ಈ ಮಾತನ್ನು ಓಟಕ್ಕೆ ಹೊರಟವನು ಮೊದಲು ಮರೆಯುತ್ತಾನೆ.

ಮರೆಯುವುದಕ್ಕೆ ಕಾರಣವಿದೆ. ಓಟವೆಂದರೆ ನಮ್ಮ ಕಣ್ಣಿಗೆ ಬರುವುದು ಕಂಬಳದ ಓಟ. ಪೈವಳಿಕೆಯ ಕಂಬಳ ನೋಡಿದವರಿಗೆ ಗೊತ್ತು: ಕೋಣಗಳ ಹಿಂದೆ ಓಡುವವನು ಮಂಜೊಟ್ಟಿ ಸೇರುವವರೆಗೆ ತನ್ನಲ್ಲಿರುವ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೆಲ್ಲ ಬೆರಗಾಯಿತು. ಕೆಲವರು ಅವರನ್ನು ಉಸೇನ್ ಬೋಲ್ಟರಿಗೆ ಹೋಲಿಸಿದರು. ಓಟದ ಪರೀಕ್ಷೆಗೆ ಕರೆ ಬಂದಾಗ, ಕೆಸರು ಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ಅವರು ಹಿಂದೆ ಸರಿದರು. ಅದು ತಿಳಿವಳಿಕೆಯ ಮಾತು. ಕಂಬಳದ ಓಟಗಾರನ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಶಕ್ತಿಯಿಂದ ಹದಿನೈದು ಸೆಕೆಂಡು ನಡೆಸಿಕೊಳ್ಳುತ್ತವೆ. ಆ ಹೊತ್ತಿಗೆ ಉಸಿರಾಟದ ಲೆಕ್ಕ ದೊಡ್ಡದಲ್ಲ. ಅರ್ಧ ಗಂಟೆ, ಒಂದು ಗಂಟೆ ಓಡುವವನಾದರೋ ಪ್ರತಿಕ್ಷಣ ಉಸಿರಿನಿಂದ ಬರುವ ಆಮ್ಲಜನಕವನ್ನೇ ನೆಚ್ಚಬೇಕು. ಮೊದಲ ಐದು ನಿಮಿಷದಲ್ಲಿ ಅವಸರಪಟ್ಟು ಮಾಡಿಕೊಂಡ ಸಾಲವನ್ನು ಉಳಿದ ದಾರಿಯಲ್ಲೆಲ್ಲ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

ಅದಕ್ಕಿಂತಲೂ ಮುಖ್ಯವಾದುದು ಮೈಯ ಬಿಸಿ. ಇದನ್ನು ಒಂದು ಲೆಕ್ಕದಿಂದ ತಿಳಿದುಕೊಳ್ಳೋಣ. ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚು ಮಾಡುತ್ತಾನೆ. 60 ಕಿಲೋ ತೂಕದವನಿಗೆ 1 ಕಿಲೋಮೀಟರಿಗೆ 60 ಕಿಲೋಕ್ಯಾಲೊರಿ ಆಯಿತು. ಅದರಲ್ಲಿ ಓಟಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲುಭಾಗ. ಉಳಿದ ಮುಕ್ಕಾಲು ಭಾಗ, ಅಂದರೆ 45 ಕಿಲೋಕ್ಯಾಲೊರಿ, ಬರಿಯ ಬಿಸಿಯಾಗುತ್ತದೆ. 60 ಕಿಲೋ ತೂಕದ ಶರೀರದ ಬಿಸಿಯನ್ನು 1 ಡಿಗ್ರಿ ಏರಿಸಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಎಂದರೆ, ಹುಟ್ಟಿದ ಬಿಸಿ ಹೊರಗೆ ಹೋಗದೆ ಒಳಗೇ ಉಳಿಯಿತೆಂದಾದರೆ, ಕಿಲೋಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಮೈ ಕಾಯುತ್ತ ಹೋಗುತ್ತದೆ! ಮೂರು ನಾಲ್ಕು ಕಿಲೋಮೀಟರಿನಲ್ಲಿ ಅದು ಅಪಾಯದ ಗಡಿ ಮುಟ್ಟೀತು.

ಹಾಗಾಗದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದರೆ ಒಂದು ಮಾತು ನೆನಪಿಡಿ: ಮೈ ತಂಪಾಗುವುದು ಬೆವರು ಆವಿಯಾದಾಗ, ಸುರಿದಾಗ ಅಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಕುಂಬಳೆಯ, ಮಂಜೇಶ್ವರದ ಕಡಲ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರಲೊಲ್ಲದು. ಗಲ್ಲದಿಂದ, ಮೊಣಕೈಯಿಂದ ತೊಟ್ಟಿಕ್ಕಿ ನೆಲ ಸೇರುತ್ತದೆ. ನೀರೂ ಹೋಯಿತು, ಬಿಸಿಯೂ ಉಳಿಯಿತು. ಬೆಳಗಿನ ಜಾವ ತಂಪಾಗಿದೆ ಎಂದು ನಮಗೆ ಅನಿಸಿದರೂ ಗಾಳಿಯ ತೇವ ಅತಿ ಹೆಚ್ಚಾಗಿರುವುದು ಆ ಹೊತ್ತಿನಲ್ಲೇ.

‘ಮೆಲ್ಲಗೆ’ ಎಂಬುದರ ಒಳಗುಟ್ಟು ಈಗ ತಿಳಿಯಿತಲ್ಲ? ಒಂದು ಕಿಲೋಮೀಟರ್ ಓಟದಲ್ಲಿ ಹುಟ್ಟುವ ಬಿಸಿ, ವೇಗವಾಗಿ ಓಡಿದರೂ ನಿಧಾನವಾಗಿ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ಐದು ನಿಮಿಷದಲ್ಲಿ ಓಡಿದವನಿಗೆ ಅದನ್ನು ಹೊರಹಾಕಲು ಐದೇ ನಿಮಿಷ. ಎಂಟು ನಿಮಿಷದಲ್ಲಿ ಓಡಿದವನಿಗೆ ಎಂಟು ನಿಮಿಷ. ನಿಧಾನವೆಂದರೆ ಸೋಮಾರಿತನವಲ್ಲ, ಮೈಗೆ ಕೊಡುವ ಸಮಯ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, 2008ರಿಂದ ಅಲ್ಲಿ ನಡೆದು ಬಂದ 10 ಕಿಲೋಮೀಟರ್ ಓಟದಲ್ಲಿ ಪಾಲ್ಗೊಂಡು, ರಜೆಯಲ್ಲಿ ಊರಿಗೆ ಬಂದ ತರುಣರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿನ ವೇಗ ಇಲ್ಲಿಗೆ ಸಲ್ಲದು. ಸೆಕೆಗೆ ಮೈ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು.

ಇನ್ನು ಅಭ್ಯಾಸದ ಮಾತು. 5 ಕಿಲೋಮೀಟರ್ ಓಟಕ್ಕೆ 12 ವಾರ ಇಟ್ಟುಕೊಳ್ಳಿ. ವಾರಕ್ಕೆ ಮೂರು ದಿನ ಸಾಕು. ನಡುವೆ ಒಂದೊಂದು ದಿನ ಬಿಡುವು. ಮೊದಲ ನಾಲ್ಕು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಮುಂದಿನ ನಾಲ್ಕು ವಾರಗಳಲ್ಲಿ ಓಟವನ್ನು ನಾಲ್ಕು ನಿಮಿಷಕ್ಕೆ ಏರಿಸಿ, ನಡಿಗೆಯನ್ನು ಒಂದು ನಿಮಿಷಕ್ಕೆ ಇಳಿಸಿ. ಆಮೇಲಿನ ಮೂರು ವಾರಗಳಲ್ಲಿ ವಾರಕ್ಕೊಂದು ದಿನ ಪೂರ್ತಿ 5 ಕಿಲೋಮೀಟರನ್ನು ಅವಸರವಿಲ್ಲದೆ ಮುಗಿಸಿ. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ. ಕಾಲಿಗೆ ವಿಶ್ರಾಂತಿ ಸಿಗಲಿ. ಒಂದು ವಾರಕ್ಕಿಂತ ಮುಂದಿನ ವಾರ ನೂರಕ್ಕೆ ಹತ್ತಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬುದು ಓಟಗಾರರಲ್ಲಿ ರೂಢಿಯಲ್ಲಿರುವ ಮಾತು. ಉಸಿರು ಹದಿನೈದು ದಿನಗಳಲ್ಲೇ ಸುಧಾರಿಸಿದಂತೆ ಕಾಣುತ್ತದೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉತ್ಸಾಹ ಮುಂದೆ ಓಡಿ, ಮೊಣಕಾಲು ಹಿಂದೆ ಉಳಿದರೆ ಆಗಬೇಕಾದ್ದು ಆಗಿಯೇ ಆಗುತ್ತದೆ.

ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಜತೆಯಲ್ಲಿ ಓಡುವವನೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾಯಿತೆಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ನಡುವೆ ನಡೆದರೆ ಜನ ನಗುತ್ತಾರೆಂಬ ಅಳುಕು ಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಅವರೇ, ನಡು ನಡುವೆ ನಡೆಯುತ್ತ ಓಡುವ ಕ್ರಮವನ್ನು ಸಾಮಾನ್ಯ ಜನರಿಗೆ ಕಲಿಸಿ ಹೆಸರಾದರು.

ಎಲ್ಲಿ ಓಡುವುದು? ಹೆದ್ದಾರಿಯ ಮುಖ್ಯ ರಸ್ತೆ ಸರ್ವಥಾ ಬೇಡ. ಶಾಲಾ ಮೈದಾನ, ಊರ ಒಳರಸ್ತೆ, ನೀರಿಳಿದಾಗ ಗಟ್ಟಿಯಾಗಿರುವ ಕಡಲ ದಂಡೆಯ ಮರಳು, ಇವು ಒಳ್ಳೆಯವು. ಪಿ.ಟಿ. ಉಷಾ ಅವರು ಪಯ್ಯೋಳಿಯ ಕಡಲತಡಿಯಲ್ಲಿ ಅಭ್ಯಾಸ ಮಾಡಿಯೇ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೆಕೆಂಡಿನ ನೂರರ ಒಂದು ಅಂಶದಲ್ಲಿ ಪದಕ ಕಳೆದುಕೊಳ್ಳುವಷ್ಟು ಹತ್ತಿರ ಬಂದರು. ರಸ್ತೆಯಲ್ಲಿ ಓಡುವುದಾದರೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ಓಡಿ. ನಸುಕಿನಲ್ಲಿ ಬಿಳಿಯ ಅಂಗಿ ಇರಲಿ. ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಏರು ತಪ್ಪಿದ್ದಲ್ಲ. ಏರಿನಲ್ಲಿ ಹೆಜ್ಜೆ ಚಿಕ್ಕದಾಗಲಿ; ಇಳಿಜಾರಿನಲ್ಲಿ ಧುಮುಕಬೇಡಿ, ಮೊಣಕಾಲಿಗೆ ಪೆಟ್ಟು ಬೀಳುವುದು ಅಲ್ಲಿಯೇ.

ಪಾದರಕ್ಷೆಯ ಬಗ್ಗೆ ಕೇಳುವವರಿದ್ದಾರೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಆದರೆ ಬಾಲ್ಯದಿಂದ ಹಾಗೆಯೇ ನಡೆದ ಕಾಲು ಅದು. ನಮ್ಮ ಮುರಕಲ್ಲಿನ ಜಲ್ಲಿ ಕಾಲು ಕೊಯ್ಯುತ್ತದೆ. ಕೊಯ್ದ ಕಾಲಿನಿಂದ ಮಳೆಗಾಲದ ಕೊಚ್ಚೆ ನೀರು ತುಳಿದರೆ ಇಲಿಜ್ವರದ ಭಯವೂ ಇದೆ. ದುಬಾರಿ ಬೂಟು ಬೇಕಾಗಿಲ್ಲ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗವಿರುವ, ನಾಲ್ಕಾರು ವಾರ ಮೆಟ್ಟಿ ಪಳಗಿದ ಬೂಟು ಸಾಕು. ಓಟದ ದಿನವೇ ಹೊಸ ಬೂಟು ತೊಡಬಾರದು. ಬೀದಿನಾಯಿ ಬೆನ್ನಟ್ಟಿದರೆ ಓಡದೆ ನಿಲ್ಲಿ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆ ದಿನವೇ ಚುಚ್ಚುಮದ್ದಿಗೆ ಹೋಗಿ.

40 ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಸಣ್ಣ ಪ್ರಾಯದ ಹೃದಯಾಘಾತ ಕಂಡವರು ಅಭ್ಯಾಸಕ್ಕೆ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ನೆಗಡಿ, ಜ್ವರ, ಭೇದಿಯಾದ ವಾರದಲ್ಲಿ ಓಟ ಬೇಡವೇ ಬೇಡ. ಹಣ ಕಟ್ಟಿ ಆಗಿದೆಯಲ್ಲ ಎಂದು ಓಡುವವರಿದ್ದಾರೆ. ಹೋದ ಹಣ ಮುಂದಿನ ವರ್ಷ ಮತ್ತೆ ಸಿಗುತ್ತದೆ.

ಮಹಿಳೆಯರಿಗೂ ಒಂದು ಮಾತು. ದೂರದ ಓಟ ಹೆಣ್ಣಿನ ಮೈಗೆ ಆಗದು ಎಂದು ಒಂದು ಕಾಲಕ್ಕೆ ಲೋಕವೆಲ್ಲ ನಂಬಿತ್ತು. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳಾ ಮ್ಯಾರಥಾನ್ ಸೇರಿದ್ದು 1984ರಲ್ಲಿ. ಮುಂಜಾನೆ ಒಬ್ಬಳೇ ಹೊರಡಲು ಸಂಕೋಚವಾದರೆ ನೆರೆಮನೆಯ ಇಬ್ಬರನ್ನು ಕೂಡಿಸಿಕೊಳ್ಳಿ. ಮೂವರು ಒಂದು ತಿಂಗಳು ಓಡಿದರೆ ಊರಿನ ಕಣ್ಣಿಗೆ ಅದು ರೂಢಿಯಾಗುತ್ತದೆ.

ಹೆಸರು ಕೊಡುವಾಗ ಅರ್ಜಿಯನ್ನು ಪೂರ್ತಿ ಓದಿ. ‘ಏನಾದರೂ ಆದರೆ ನಾನೇ ಹೊಣೆ’ ಎಂಬ ಸಾಲು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಅರ್ಜಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳಿ. ಕೇಳುವುದರಲ್ಲಿ ಕೀಳಾದದ್ದೇನೂ ಇಲ್ಲ. ನೀರು ಎಷ್ಟು ಕಡೆ ಇದೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಉತ್ತರ ತಡವರಿಸಿತೆಂದರೆ ಆ ಓಟಕ್ಕೆ ಹೋಗದಿರುವುದೇ ಲೇಸು. ನಿಮಗೆ ಕೊಟ್ಟ ಅಂಕಿಯ ಪಟ್ಟಿಯ ಹಿಂಬದಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಬರೆದಿಡಿ.

ಹಿಂದಿನ ರಾತ್ರಿ ರೂಢಿಯ ಊಟವೇ ಇರಲಿ. ಬೆಳಿಗ್ಗೆ ಓಟಕ್ಕೆ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ನೀರಿನ ವಿಷಯದಲ್ಲಿ ಕುಡಿಯದಿರುವುದು ಒಂದು ತಪ್ಪು, ಹೊಟ್ಟೆ ತುಂಬ ಕುಡಿಯುವುದು ಇನ್ನೊಂದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪಿನಂಶ ಇರಬೇಕಾದ ಮಟ್ಟಕ್ಕಿಂತ ಇಳಿದಿತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದ ನೀರು. ಬಾಯಾರಿದಷ್ಟು ಕುಡಿಯಿರಿ. ಓಟ ಮುಗಿದ ಮೇಲೆ ಬೊಂಡದ ನೀರು ಹಿತ. ಆದರೆ ಬೆವರಿನಲ್ಲಿ ಹೋದ ಉಪ್ಪು ಅದರಲ್ಲಿ ಕಡಿಮೆ. ನಮ್ಮ ಮನೆಯ ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ ನೀರು ಆ ಕೊರತೆಯನ್ನು ತುಂಬುತ್ತವೆ.

ಸೀಟಿ ಊದಿದೊಡನೆ ಎಲ್ಲರೂ ಬಾಣದಂತೆ ಹೊರಡುತ್ತಾರೆ. ನೀವು ಹೊರಡಬೇಡಿ. ಹಿಂಬದಿಯಲ್ಲಿ ನಿಂತು, ಮೊದಲ ಕಿಲೋಮೀಟರನ್ನು ‘ಇದು ತೀರಾ ನಿಧಾನವಾಯಿತು’ ಎನಿಸುವಷ್ಟು ಮೆಲ್ಲಗೆ ಓಡಿ. ಮೂರನೆಯ ಕಿಲೋಮೀಟರಿನಲ್ಲಿ, ಮೊದಲು ನಿಮ್ಮನ್ನು ದಾಟಿ ಹೋದವರು ಸೊಂಟಕ್ಕೆ ಕೈಯಿಟ್ಟು ನಿಂತಿರುವುದು ಕಾಣಿಸುತ್ತದೆ. ತಲೆ ತಿರುಗುವುದು, ಎದೆ ಬಿಗಿಯುವುದು, ಸೆಕೆಯಲ್ಲೂ ಚಳಿಯಾಗುವುದು, ಹೆಜ್ಜೆ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿ. ಕೊನೆಯ ಗೆರೆ ಕಣ್ಣೆದುರಿಗಿದ್ದರೂ ನಿಲ್ಲಿ. ವಯನಾಡಿನ ಒ.ಪಿ. ಜೈಷಾ 2015ರಲ್ಲಿ ಬೀಜಿಂಗಿನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದವರು. ಮರುವರ್ಷ ರಿಯೋ ಒಲಿಂಪಿಕ್ಸಿನ ಬಿಸಿಲಿನಲ್ಲಿ ಅವರಿಗೆ ಹನ್ನೆರಡೂವರೆ ನಿಮಿಷ ಹೆಚ್ಚು ಹಿಡಿಯಿತು. ಗೆರೆ ದಾಟಿದೊಡನೆ ಕುಸಿದುಬಿದ್ದು ಆಸ್ಪತ್ರೆ ಸೇರಿದರು. ಅಂಥವರಿಗೇ ಬಿಸಿಲು ರಿಯಾಯಿತಿ ತೋರಲಿಲ್ಲ.

ಜತೆಯವನೊಬ್ಬ ಓಡುತ್ತಿದ್ದಂತೆ ಅಸಂಬದ್ಧ ಮಾತಾಡಿದರೆ, ಕುಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. 108ಕ್ಕೆ ಕರೆ ಮಾಡಿ. ವಾಹನ ಬರಲೆಂದು ಸುಮ್ಮನೆ ಕಾಯುತ್ತ ನಿಲ್ಲಬೇಡಿ. ಉಳಿಸುವುದೂ ಕಳೆದುಕೊಳ್ಳುವುದೂ ಆ ನಿಮಿಷಗಳಲ್ಲೇ ತೀರ್ಮಾನವಾಗುತ್ತದೆ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಮಂಜುಗಡ್ಡೆ ಸಿಕ್ಕಿದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಉಸಿರೇ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಓಟ ಏರ್ಪಡಿಸುವ ಸಂಘದವರು ಬಹುಮಾನದ ಕಪ್ಪಿಗೆ ಮೊದಲು ಇದನ್ನು ಬಲ್ಲ ನಾಲ್ವರನ್ನೂ, ನೀರು ತುಂಬಿದ ದೊಡ್ಡ ತೊಟ್ಟಿಯನ್ನೂ ಸಿದ್ಧಪಡಿಸಬೇಕು.

ಅವರಿಗೆ ಇನ್ನೊಂದು ವಿನಂತಿ. ಮೊದಲ ಮೂವರು ಬಂದೊಡನೆ ಮೈಕು, ಮೇಜು, ನೀರು ಎಲ್ಲವನ್ನೂ ಎತ್ತಿಬಿಡುವ ಅಭ್ಯಾಸ ಕೆಲವೆಡೆ ಇದೆ. ನೀರು ಹೆಚ್ಚು ಬೇಕಾಗಿರುವುದು ಕೊನೆಗೆ ಬರುವವನಿಗೆ. ಬಿಸಿಲಿನಲ್ಲಿ ಹೆಚ್ಚು ಹೊತ್ತು ಇದ್ದವನು ಅವನೇ. ಅವನು ಗೆರೆ ದಾಟುವವರೆಗೆ ಓಟ ಮುಗಿಯಲಿಲ್ಲ ಎಂದು ತಿಳಿಯುವ ಸಂಘದ ಓಟಕ್ಕೆ ಮುಂದಿನ ವರ್ಷ ಜನ ಇಮ್ಮಡಿಯಾಗುತ್ತಾರೆ.

ಆ ಕೊನೆಯವರು ನೀವೇ ಆಗಿರಬಹುದು. ಆಗಲಿ. ಹೊರಟಷ್ಟೇ ಆರೋಗ್ಯವಾಗಿ ಮನೆಗೆ ಮರಳಿ, ಮಧ್ಯಾಹ್ನ ಮನೆಯವರೊಡನೆ ಕುಳಿತು ಊಟ ಮಾಡಿ, ಸಂಜೆಗೆ ಕಾಲು ಸ್ವಲ್ಪ ನೋಯುತ್ತಿದ್ದರೆ ಓಟ ಚೆನ್ನಾಗಿ ಆಯಿತೆಂದೇ ಲೆಕ್ಕ. ಭಿತ್ತಿಪತ್ರದಲ್ಲಿರುವ ದಿನಾಂಕ ನೋಡಿ, ಹನ್ನೆರಡು ವಾರ ಹಿಂದಕ್ಕೆ ಎಣಿಸಿ. ಅಷ್ಟು ಸಮಯವಿದ್ದರೆ ಇವತ್ತೇ ಹೆಸರು ಕೊಡಿ. ಇಲ್ಲದಿದ್ದರೆ ಈ ಬಾರಿ ರಸ್ತೆ ಬದಿಯಲ್ಲಿ ನಿಂತು ನೀರು ಕೊಡಿ. ನಾಳೆಯಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಶುರುವಾಗಲಿ.